ಹಳೆಯ ಇ-ಮೇಲ್ ಉಳಿಸ್ಕೊಳ್ಳೋದೋ, ಬದಲಿಸೋದೋ?

ಮೊಬೈಲ್ ಕಂಪನಿ ಬಿಟ್ಟರೂ ನಂಬರ್ ನಮ್ಮ ಜೊತೆಗೇ ಬರುತ್ತದೆ. 2011ರಿಂದ ದೇಶದಾದ್ಯಂತ ಆ ಸೌಲಭ್ಯ ಇದೆ. ಇ-ಮೇಲ್‌ಗೆ ಅದಿಲ್ಲ. ವಿಳಾಸದ ಕೊನೆಯಲ್ಲಿ ಇಂಟರ್ನೆಟ್ ಕಂಪನಿಯ ಹೆಸರಿದ್ದರೆ ವಿಳಾಸವೂ ಅವರದೇ. ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಬ್ರಾಡ್‌ಬ್ಯಾಂಡ್ ತೆಗೆಸಿ ಬೇರೆಯವರ ಫೈಬರ್ ಹಾಕಿಸುವವರು ಮೊದಲು ಇದನ್ನು ನೋಡಿಕೊಳ್ಳಿ.

ಹಳೆಯದನ್ನೇ ಉಳಿಸಿಕೊಂಡರೆ ಯಾರಿಗೂ ಹೇಳುವ ಗೋಜಿಲ್ಲ. ಆದರೆ ಕನೆಕ್ಷನ್ ಹೋದ ಮೇಲೂ ಮೇಲ್ ನಡೆಯುತ್ತದೋ ಇಲ್ಲವೋ ಅನ್ನುವುದು ಕಂಪನಿಯ ಮರ್ಜಿ. ಕೇಳಿ, ಉತ್ತರವನ್ನು ಬರಹದಲ್ಲೇ ತಗೊಳ್ಳಿ. ಫಾರ್ವರ್ಡ್ ಹಾಕಿಟ್ಟರೂ ಅದು ಖಾತೆ ಇರುವ ತನಕ ಮಾತ್ರ.

ಜಿಮೇಲ್‌ಗೆ ಹೋದರೆ ಕಾಸಿಲ್ಲ, ಫೋಟೊ-ಡ್ರೈವ್ ಎಲ್ಲ ಸೇರಿ 15 ಜಿಬಿ ಜಾಗ. ತ್ರಾಸು ಇರುವುದು ಬದಲಿಸುವ ಕೆಲಸದಲ್ಲಿ. ಬ್ಯಾಂಕು, ಎಲ್‌ಐಸಿ, ಆದಾಯ ತೆರಿಗೆ ಪೋರ್ಟಲ್, ಒಂದೊಂದನ್ನೂ ತೆರೆದು ತಿದ್ದಬೇಕು. ಕೆಲವು ಕಡೆ ಬದಲಾವಣೆಯ ಒಟಿಪಿ ಹಳೆಯ ಮೇಲ್‌ಗೇ ಬರುತ್ತದೆ, ಅದಕ್ಕೇ ಕನೆಕ್ಷನ್ ಕಡಿಸುವ ಮೊದಲೇ ಇದನ್ನು ಮುಗಿಸಿ. ಹಳೆಯ ಪತ್ರಗಳನ್ನು, ಕಂಪ್ಯೂಟರಿನಲ್ಲಿ ಮೇಲ್ ಓದುವ ತಂತ್ರಾಂಶವಾದ ಥಂಡರ್‌ಬರ್ಡ್‌ನಲ್ಲಿ ತೆರೆದು ‘ಲೋಕಲ್ ಫೋಲ್ಡರ್ಸ್’ಗೆ ನಕಲು ಮಾಡಿ, ಆಗ ಅವು ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತವೆ. ಬರೀ ಐಮ್ಯಾಪ್‌ನಲ್ಲಿ (ಪತ್ರಗಳು ಕಂಪನಿಯ ಸರ್ವರಿನಲ್ಲೇ ಇರುವ ಏರ್ಪಾಡು) ಕಾಣಿಸುತ್ತಿವೆ ಅಂತ ನಂಬಿ ಕೂತರೆ ಸರ್ವರ್ ಜೊತೆ ಅವೂ ಹೋದಾವು.

ಮೂರನೆಯದು ಸ್ವಂತ ಡೊಮೇನ್, ಅಂದರೆ ವಿಳಾಸದಲ್ಲಿ @ ಆದಮೇಲೆ ಬರುವ, ನಾವೇ ನೋಂದಾಯಿಸಿಕೊಂಡ ಹೆಸರು. ವರ್ಷವರ್ಷ ದುಡ್ಡು ಕಟ್ಟಬೇಕು, ಮರೆತರೆ ಹೆಸರು ಬೇರೆಯವರ ಪಾಲಾಗಬಹುದು. ಆದರೆ ಮುಂದೆ ಯಾವ ಕಂಪನಿ ಬದಲಿಸಿದರೂ ವಿಳಾಸ ಅದೇ. ದುರ್ಗದಬೈಲಿನಲ್ಲಿ ಅಂಗಡಿ ಇದ್ದು, ಬಿಲ್‌ಬುಕ್ಕಿನ ಮೇಲೆ ಮೇಲ್ ಅಚ್ಚು ಹಾಕಿಸುವವರಿಗೆ ನನ್ನ ಓಟು ಇದಕ್ಕೇ. ಮನೆಮಂದಿಗೆ ಜಿಮೇಲ್ ಸಾಕು, ಎರಡು ವರ್ಷ ಮುಟ್ಟದೇ ಬಿಟ್ಟರೆ ಮಾತ್ರ ಗೂಗಲ್ ಅದನ್ನೂ ಅಳಿಸಬಹುದು.