ಐದು ಎಂಜಿನ್, ಒಂದು ಪಾದರಸದ ಬುರುಡೆ

ಬ್ರಿಟನ್ನಿನ ಮೊದಲ ತಲೆಮಾರಿನ ಎಸಿ ವಿದ್ಯುತ್ ಎಂಜಿನ್‌ಗಳಲ್ಲಿ ಯಾವುದು ಮೇಲು ಎಂಬ ಜಗಳ ಅಲ್ಲಿನ ರೈಲುಪ್ರಿಯರಲ್ಲಿ ಇನ್ನೂ ಮುಗಿದಿಲ್ಲ. ಒಬ್ಬರು ಓಟ ನೋಡುತ್ತಾರೆ, ಒಬ್ಬರು ಮೈಕಟ್ಟು, ಮತ್ತೊಬ್ಬರಿಗೆ ಸದ್ದು ಮಾತ್ರ ಸಾಕು. ನಾನು ಮೊದಲು ಹೊಟ್ಟೆ ನೋಡುತ್ತೇನೆ. ಮೇಲಿನ ತಂತಿಯಿಂದ ಬಂದ, ದಿಕ್ಕು ಬದಲಿಸುತ್ತ ಹರಿಯುವ ಎಸಿಯನ್ನು ಮೋಟಾರಿಗೆ ಬೇಕಾದ, ಒಂದೇ ದಿಕ್ಕಿಗೆ ಹರಿಯುವ ಡಿಸಿಯಾಗಿ ತಿರುಗಿಸುವ ರೆಕ್ಟಿಫೈಯರ್ ಯಾವುದಿತ್ತು, ಅದು ಎಷ್ಟು ದಿನ ತಾಳಿತು? ಈ ಚಟ ನನಗೆ ಅಂಟಿದ್ದು ರೈಲಿನಲ್ಲಲ್ಲ, ದಾವಣಗೆರೆಯ ಒಂದು ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಯ ಹಿಂದೆ.

1970ರ ಆಸುಪಾಸು. ಶಾಲೆ ಬಿಟ್ಟ ಮೇಲೆ ಅಲ್ಲಿ ಆಪರೇಟರ್ ಅಣ್ಣನಿಗೆ ನಾನು ಕೈಯಾಳು. ರೀಲು ಸುತ್ತುವುದು, ಕಾರ್ಬನ್ ಕಡ್ಡಿ ಎಣಿಸಿಡುವುದು, ಚಹಾ ತರುವುದು. ಕೂಲಿ ಇಲ್ಲ, ಸಿನಿಮಾ ಪುಕ್ಕಟೆ. ಎರಡು ಕಾರ್ಬನ್ ಕಡ್ಡಿಗಳ ನಡುವೆ ಹೊತ್ತುವ ಬೆಳಕು ತೆರೆಯ ಮೇಲೆ ಅಲ್ಲಾಡದೆ ನಿಲ್ಲಬೇಕಾದರೆ ಡಿಸಿ ಬೇಕು. ಊರಿಗೆ ಬರುತ್ತಿದ್ದದ್ದು ಎಸಿ. ಹಾಗಾಗಿ ಹಿಂದಿನ ಕಿರುಕೋಣೆಯಲ್ಲಿ, ಜಾಲರಿಯ ಪಂಜರದೊಳಗೆ, ಕುಂಬಳಕಾಯಿ ಗಾತ್ರದ ಒಂದು ಗಾಜಿನ ಬುರುಡೆ ಇತ್ತು. ತಳದಲ್ಲಿ ಒಂದು ಬೊಗಸೆ ಪಾದರಸ. ಪಕ್ಕದಲ್ಲಿ ಏಡಿಕಾಲಿನಂತೆ ಬಾಗಿದ ಗಾಜಿನ ತೋಳುಗಳು, ತೋಳಿನ ತುದಿಯಲ್ಲಿ ಗ್ರಾಫೈಟ್. ಸ್ವಿಚ್ ಹಾಕಿದರೆ ಬುರುಡೆಯ ತುಂಬ ನೇರಳೆ ನೀಲಿ ಬೆಳಕು. ಪಾದರಸದ ಮೇಲೆ ರಾಗಿಕಾಳಿನಷ್ಟು ಚಿಕ್ಕದೊಂದು ಬಿಳಿ ಚುಕ್ಕೆ, ಕಾದ ಹೆಂಚಿನ ಮೇಲೆ ನೀರಿನ ಹನಿ ಓಡಾಡುವ ಹಾಗೆ, ಒಂದು ಕಡೆ ನಿಲ್ಲದೆ ಓಡಾಡುತ್ತಿತ್ತು. ಆವಿಯಾದ ಪಾದರಸ ಮೇಲಿನ ಗುಮ್ಮಟಕ್ಕೆ ತಾಗಿ ತಣಿದು, ಗಾಜಿನ ಮೈಮೇಲಿಂದ ಇಳಿದು ಮತ್ತೆ ತಳ ಸೇರುತ್ತಿತ್ತು. ತೆರೆಯ ಮೇಲಿನ ನಾಯಕಿಗಿಂತ ನನಗೆ ಇದೇ ಹೆಚ್ಚು ಚೆಂದ ಕಾಣುತ್ತಿತ್ತು.

ಒಮ್ಮೆ ಪಂಜರವನ್ನು ಕೊಂಚ ಸರಿಸಿ ಗುಡಿಸಲು ಹೋದೆ. ಅಣ್ಣ ಹೌಹಾರಿದರು. "ತಮ್ಮಾ, ಮುಟ್ಟಬೇಡ. ಇದು ಹಸುಗೂಸು ಇದ್ದ ಹಾಗೆ. ಮಲಗಿಸಿದಲ್ಲಿ ಮಲಗಿದ್ದರೆ ಸರಿ, ಎತ್ತಿ ಆಡಿಸಿದರೆ ರಚ್ಚೆ ಹಿಡಿಯುತ್ತದೆ."

ರಚ್ಚೆ ಎಂದರೆ ಏನೆಂಬುದನ್ನು ಏಪ್ರಿಲ್ ತಿಂಗಳಲ್ಲಿ ಕಂಡೆ. ಕೆಳಗಿನ ಫ್ಯಾನು ಸೋತು ಬುರುಡೆ ಮಿತಿಮೀರಿ ಕಾಯಿತು. ಒಂದೇ ದಿಕ್ಕಿಗೆ ಹರಿಯಬೇಕಾದ ಕರೆಂಟು ಹಿಂದಕ್ಕೆ ಹಾರಿತು. ತಂತ್ರಜ್ಞರು ಬ್ಯಾಕ್‌ಫೈರ್ ಎನ್ನುವುದು ಇದನ್ನೇ. ಆ ಕ್ಷಣದಲ್ಲಿ ರೆಕ್ಟಿಫೈಯರ್ ರೆಕ್ಟಿಫೈಯರ್ ಆಗಿ ಉಳಿಯುವುದಿಲ್ಲ, ಟ್ರಾನ್ಸ್‌ಫಾರ್ಮರಿಗೆ ಅಡ್ಡ ಹಾಕಿದ ಕಬ್ಬಿಣದ ಸಲಾಕೆಯಾಗುತ್ತದೆ. ಫ್ಯೂಸು ಪಟ್ಟೆಂದು ಹೋಯಿತು, ತೆರೆ ಕತ್ತಲಾಯಿತು, ಗಾಂಧಿ ಕ್ಲಾಸಿನಿಂದ ಶಿಳ್ಳೆ ಎದ್ದಿತು. ಇನ್ನು ಚಳಿಗಾಲದ ಬೆಳಗಿನ ಆಟಕ್ಕೆ ಇದೇ ಬುರುಡೆ ಬೇಗ ಹೊತ್ತಿಕೊಳ್ಳದೆ ಸತಾಯಿಸುತ್ತಿತ್ತು. ಸೆಕೆಯೂ ಆಗದು, ಚಳಿಯೂ ಆಗದು, ಅಲುಗಾಟವಂತೂ ಕೂಡದು.

ಆಮೇಲೆ ಅಲ್ಲಿಗೆ ಸೆಲೆನಿಯಂ ತಗಡಿನ ರೆಕ್ಟಿಫೈಯರ್ ಬಂತು. ಸದ್ದಿಲ್ಲದ ಪ್ರಾಣಿ. ಆದರೆ ವಯಸ್ಸಾಗುತ್ತ ಸೊರಗುತ್ತಿತ್ತು, ಸುಟ್ಟರೆ ಕೊಳೆತ ಮೂಲಂಗಿಯ ನಾತ ಬಾಲ್ಕನಿಯವರೆಗೆ. ಕೊನೆಗೆ ಬಂದದ್ದು ಸಿಲಿಕಾನ್ ಡಯೋಡು. ಹಳೆಯ ಎಂಟಾಣೆಗಿಂತ ಸ್ವಲ್ಪ ದಪ್ಪ, ಬುಡದಲ್ಲಿ ಒಂದು ಬೋಲ್ಟು. ಪಾದರಸದ ಬುರುಡೆ ತನ್ನ ಪಾಲಿಗೆ ಇಪ್ಪತ್ತು ವೋಲ್ಟಿನಷ್ಟು ಉಳಿಸಿಕೊಂಡೇ ಮುಂದೆ ಬಿಡುತ್ತಿತ್ತು. ಇದು ಒಂದು ವೋಲ್ಟು ತೆಗೆದುಕೊಂಡು ಸುಮ್ಮನಾಗುತ್ತದೆ. ಮೂರನ್ನೂ ಕೈಯಾರೆ ನೋಡಿದವನಾಗಿ ಹೇಳುತ್ತೇನೆ: ಚೆಂದಕ್ಕೆ ಪಾದರಸ, ಕೆಲಸಕ್ಕೆ ಸಿಲಿಕಾನ್. ಸೆಲೆನಿಯಂ ಯಾವುದಕ್ಕೂ ಬೇಡ.

1979ರಲ್ಲಿ ಓದಲು ಮ್ಯಾಂಚೆಸ್ಟರಿಗೆ ಹೋದೆ. ಕೋಣೆ ಸಿಕ್ಕಿದ್ದು ಗಾರ್ಟನ್ ಬಳಿ, ಒಂದು ಕಾಲದಲ್ಲಿ ಬೇಯರ್ ಪೀಕಾಕ್ ಕಾರ್ಖಾನೆ ಎಂಜಿನ್ ಕಟ್ಟುತ್ತಿದ್ದ ಜಾಗಕ್ಕೆ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ತಿಳಿದ ಸಂಗತಿಯಿಂದ ನನ್ನ ಕಣ್ಣು ಕುಕ್ಕಿತು. ನಮ್ಮ ಆಪರೇಟರ್ ಅಣ್ಣ ಗುಡಿಸಲೂ ಬಿಡದ ಆ ಪಾದರಸವನ್ನು ಈ ಜನ ಗಂಟೆಗೆ 100 ಮೈಲಿ ಓಡುವ ಎಂಜಿನ್ನಿನೊಳಗೆ ಇಟ್ಟಿದ್ದರು!

ಹಾಗೆಂದು ಅವರನ್ನು ಪೆದ್ದರೆನ್ನುವಂತಿಲ್ಲ. ಫ್ರಾನ್ಸಿನಲ್ಲಿ ವಾಲಾಂಸಿಯೆನ್–ತಿಯೋನ್‌ವಿಲ್ ಮಾರ್ಗದ ಯಶಸ್ಸು ನೋಡಿ ಬ್ರಿಟಿಷ್ ರೈಲ್ವೆ 1956ರಲ್ಲಿ 25,000 ವೋಲ್ಟಿನ ಎಸಿ ಪದ್ಧತಿಯನ್ನು ಆರಿಸಿಕೊಂಡಿತು. ಎಳೆಯುವ ಮೋಟಾರು ಮಾತ್ರ ಡಿಸಿಯದ್ದೇ ಆಗಬೇಕಿತ್ತು. ಆ ಹೊತ್ತಿಗೆ ಅಷ್ಟು ಕರೆಂಟು ಹೊರುವ ಸಿಲಿಕಾನ್ ಮಾರುಕಟ್ಟೆಯಲ್ಲಿ ಇರಲಿಲ್ಲ. ಫ್ರೆಂಚರ ಬಿಬಿ 12000 ಎಂಜಿನ್‌ಗಳೂ ಪಾದರಸದವೇ, ಆದರೆ ಇಗ್ನೈಟ್ರಾನ್ ಎಂಬ ಬಗೆ: ಉಕ್ಕಿನ ಪಾತ್ರೆ, ಪ್ರತಿ ಆವರ್ತಕ್ಕೂ ಹೊಸದಾಗಿ ಹೊತ್ತಿಸುವ ಕಿಡಿ. 1959ರಲ್ಲಿ ನಮ್ಮ ದೇಶಕ್ಕೆ ಬಂದ ಮೊದಲ ಎಸಿ ಎಂಜಿನ್ ಡಬ್ಲ್ಯುಎಎಂ–1ರ ಹೊಟ್ಟೆಯಲ್ಲೂ ಇಗ್ನೈಟ್ರಾನೇ ಇತ್ತು. ಕಾಲವೇ ಪಾದರಸದ್ದು.

ಬ್ರಿಟನ್ನಿನವರ ತಪ್ಪು ಬೇರೆ ಇದೆ. ಒಂದು ಬಗೆಯನ್ನು ಓಡಿಸಿ, ಕಾಯಿಲೆ ಏನೆಂದು ನೋಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಬೇಕಿತ್ತು. ಅವರು ಒಟ್ಟೊಟ್ಟಿಗೆ ಐದು ಬಗೆಯಲ್ಲಿ 100 ಎಂಜಿನ್ ಕಟ್ಟಿಸಿದರು. ಎಎಲ್1ರಿಂದ ಎಎಲ್5ರವರೆಗೆ, ಮುಂದೆ ಅವೇ 81ರಿಂದ 85ನೆಯ ವರ್ಗ. ಐದು ಮನೆಯ ಅಡುಗೆ, ಐದು ಬಗೆಯ ಬಿಡಿಭಾಗ. ಮೊದಲ ನಾಲ್ಕರಲ್ಲೂ ಪಾದರಸ.

ಪಾದರಸದ ರಚ್ಚೆ ಎಷ್ಟು ದುಬಾರಿ ಎಂಬುದನ್ನು ಎಂಜಿನ್‌ಗಳಿಗಿಂತ ಚೆನ್ನಾಗಿ ತೋರಿಸಿದ್ದು ಗ್ಲಾಸ್ಗೋದ ನೀಲಿ ಬಣ್ಣದ ಉಪನಗರ ರೈಲುಗಳು. 1960ರ ನವೆಂಬರಿನಲ್ಲಿ ಓಡಾಟ ಶುರು. ಟ್ರಾನ್ಸ್‌ಫಾರ್ಮರುಗಳು ಸಿಡಿದು ಡಿಸೆಂಬರಿನಲ್ಲೇ ಅಷ್ಟನ್ನೂ ಹಿಂದಕ್ಕೆ ಕರೆಸಿ ಮತ್ತೆ ಉಗಿಬಂಡಿ ಓಡಿಸಿದರು. ಅವು ಮರಳಿ ಹಳಿಗೆ ಬಂದದ್ದು 1961ರ ಅಕ್ಟೋಬರಿನಲ್ಲಿ. ರೆಕ್ಟಿಫೈಯರಿನ ಬ್ಯಾಕ್‌ಫೈರ್ ಮತ್ತೆ ಮತ್ತೆ ಕೊಟ್ಟ ಗುದ್ದನ್ನು ಟ್ರಾನ್ಸ್‌ಫಾರ್ಮರಿನ ಸುರುಳಿಗಳು ತಾಳಿರಲಿಲ್ಲ. ನಮ್ಮಲ್ಲಿ ಹೋದದ್ದು ಒಂದು ಫ್ಯೂಸು, ಅಲ್ಲಿ ಹೋದದ್ದು ಒಂದು ನಗರದ ರೈಲು ಸಂಚಾರ.

ನಾನು ಹೋಗುವ ಹೊತ್ತಿಗೆ ಐದೂ ವರ್ಗಗಳ ಹೊಟ್ಟೆಯಲ್ಲಿ ಸಿಲಿಕಾನ್ ಬಂದಾಗಿತ್ತು. ಆದ್ದರಿಂದ ನನ್ನ ಪರೀಕ್ಷೆ ಪಾದರಸದ ದಿನಗಳದ್ದಲ್ಲ, ಶಸ್ತ್ರಚಿಕಿತ್ಸೆ ಮುಗಿಸಿ ಎದ್ದ ರೋಗಿಗಳದ್ದು. ಪರೀಕ್ಷೆಯ ಕ್ರಮ ಸರಳ: ಎಂಜಿನ್ನಿಗೆ ತಾಗಿದ ಮೊದಲ ಡಬ್ಬಿಯಲ್ಲಿ ಕಿಟಕಿ ಇಳಿಸಿ ಕೂರುವುದು. ಹಳಿಯ ಪಕ್ಕದಲ್ಲಿ ಪ್ರತಿ ಕಾಲು ಮೈಲಿಗೊಂದು ಕಂಬ ಇರುತ್ತದೆ. ಎರಡು ಕಂಬಗಳ ನಡುವೆ 9 ಸೆಕೆಂಡು ಹಿಡಿದರೆ ವೇಗ 100 ಮೈಲಿ. ಕೈಗಡಿಯಾರ, ಪೆನ್ಸಿಲ್, ಒಂದು ಸಣ್ಣ ನೋಟ್‌ಬುಕ್. ಎದುರಿಗೆ ಕೂತ ಅಜ್ಜಿಯರು ನನ್ನನ್ನು ರೈಲ್ವೆ ಇನ್‌ಸ್ಪೆಕ್ಟರ್ ಎಂದುಕೊಂಡು ಟಿಕೆಟು ತೋರಿಸಿದ್ದೂ ಉಂಟು.

81ಕ್ಕೆ ಹಿರಿಯಣ್ಣನ ಸ್ಥಾನ. ಮೊದಲನೆಯದನ್ನು ಒಪ್ಪಿಸಿದ್ದು 1959ರ ನವೆಂಬರಿನಲ್ಲಿ, ಒಟ್ಟು 25. ಶಕ್ತಿ 3,200 ಅಶ್ವಶಕ್ತಿ. ಗ್ಲಾಸ್ಗೋ ಕಡೆಗೆ ಹೋಗುವ ಒಂದು ರೈಲಿನಲ್ಲಿ, 11 ಡಬ್ಬಿ ಹೊತ್ತು, ಟೀಬೇಯಿಂದ ಶ್ಯಾಪ್ ಏರನ್ನು ಇದರ ಬೆನ್ನಿಗೆ ಕೂತು ಹತ್ತಿದ್ದೇನೆ. ಏರು 75 ಅಡಿಗೆ 1 ಅಡಿ. ಮಳೆ. ಕಂಬದಿಂದ ಕಂಬಕ್ಕೆ 9 ಸೆಕೆಂಡು ಇದ್ದದ್ದು 10 ಆಯಿತು, 11, 12, ನೆತ್ತಿಯಲ್ಲಿ 13. ಚಕ್ರ ಎರಡು ಸಲ ಜಾರಿತು, ಎಂಜಿನ್ ಮಾತ್ರ ದನಿ ಬದಲಿಸಲಿಲ್ಲ. ಈ ದನಿಯ ಬಗ್ಗೆ ಹೇಳಲೇಬೇಕು. ಟ್ರಾನ್ಸ್‌ಫಾರ್ಮರ್, ರೆಕ್ಟಿಫೈಯರ್, ಮೋಟಾರುಗಳನ್ನು ತಣಿಸುವ ಬೀಸಣಿಗೆಗಳ ಆರ್ಭಟಕ್ಕೆ ಈ ಐದೂ ವರ್ಗಗಳಿಗೆ ರೋರರ್ ಎಂಬ ಅಡ್ಡಹೆಸರು ಬಿದ್ದಿದೆ. ನಿಂತ ಎಂಜಿನ್ನಿನ ಪಕ್ಕದಲ್ಲೂ ಪ್ಲಾಟ್‌ಫಾರ್ಮಿನಲ್ಲಿ ಮಾತನಾಡಬೇಕಾದರೆ ಕಿರುಚಬೇಕು. ನನಗೆ ಅದು ಬುರುಡೆಯ ಕೆಳಗಿನ ಫ್ಯಾನಿನ ಸದ್ದೇ, ಸಾವಿರ ಪಟ್ಟು.

82 ನನ್ನ ಗಾರ್ಟನ್ನಿನ ಕೂಸು. ಬರೀ 10. ಕಾಗದದ ಮೇಲೆ ಐದರಲ್ಲಿ ಬಲಶಾಲಿ, 3,300 ಅಶ್ವಶಕ್ತಿ. ಮ್ಯಾಂಚೆಸ್ಟರಿನಿಂದ ಕ್ರೂ ಜಂಕ್ಷನ್ನಿನವರೆಗೆ ಎಷ್ಟೋ ಸಲ ಇದರ ಹಿಂದೆ ಕೂತೆ. 81ಕ್ಕಿಂತ ಹೆಚ್ಚಿನ ಆ 100 ಅಶ್ವಗಳು ಯಾವ ಲಾಯದಲ್ಲಿದ್ದವೋ, ನನ್ನ ಗಡಿಯಾರಕ್ಕೆ ಸಿಗಲಿಲ್ಲ. ಹೊರಡುವಾಗ ಮಾತ್ರ ನಯ. ಮೇಜಿನ ಮೇಲಿನ ಚಹಾ ತುಳುಕುತ್ತಿರಲಿಲ್ಲ.

83 ಬಂದದ್ದು ವಲ್ಕನ್ ಫೌಂಡ್ರಿಯಿಂದ, 15. 2,950 ಅಶ್ವಶಕ್ತಿ, ಐದರಲ್ಲಿ ಕಡಿಮೆ. ಪಾದರಸ ಅತಿ ಹೆಚ್ಚು ಕಾಡಿದ್ದು ಇದನ್ನು ಮತ್ತು 84ನ್ನು. 1960ರ ದಶಕದ ಕೊನೆಗೆ ಎರಡೂ ವರ್ಗಗಳನ್ನು ಸಂಚಾರದಿಂದ ತೆಗೆದು ಬೆರಿ ಎಂಬಲ್ಲಿ ಸಾಲಾಗಿ ನಿಲ್ಲಿಸಿಬಿಟ್ಟರು. ಹತ್ತು ವರ್ಷವೂ ತುಂಬದ ಎಂಜಿನ್‌ಗಳು! ಗ್ಲಾಸ್ಗೋವರೆಗೆ ತಂತಿ ಎಳೆಯುವ ಯೋಜನೆ ಬಾರದೇ ಹೋಗಿದ್ದರೆ ಗುಜರಿಯೇ ಗತಿ. ಎಂಜಿನ್ ಸಾಲದಾಗಿ, ಡಾನ್‌ಕಾಸ್ಟರಿನಲ್ಲಿ ಪಾದರಸ ಕಿತ್ತು ಸಿಲಿಕಾನ್ ಇಟ್ಟು ಎಬ್ಬಿಸಿದರು. ಇದರಲ್ಲಿ ಒಂದು ತಮಾಷೆಯಿದೆ. 83ರ ಕೊನೆಯ ಎಂಜಿನ್ ಇ3100ನ್ನು ಮೊದಲೇ ಪ್ರಯೋಗಕ್ಕೆಂದು ಸಿಲಿಕಾನ್ ಇಟ್ಟು ಕಟ್ಟಿದ್ದರು. ಮದ್ದು ಮನೆಯಲ್ಲೇ ಇತ್ತು, ಅಣ್ಣತಮ್ಮಂದಿರಿಗೆ ತಲುಪಲು ಇಷ್ಟು ವರ್ಷ ಹಿಡಿಯಿತು. ಲಿವರ್‌ಪೂಲ್–ಕ್ರೂ ನಡುವೆ 83ರ ಹಿಂದೆ ಕೂತಾಗ ನೋಟ್‌ಬುಕ್ಕಿನಲ್ಲಿ ಬರೆದದ್ದು ಒಂದೇ ಪದ: ‘ಸಾಧು’. ಆಮೇಲೆ 1980ರ ದಶಕದಲ್ಲಿ ಲಂಡನ್ನಿನ ಯೂಸ್ಟನ್ನಿಗೆ ಹೋದಾಗೆಲ್ಲ ಉಳಿದ ಒಂದೆರಡು 83ಗಳು ಖಾಲಿ ಡಬ್ಬಿಗಳನ್ನು ನಿಲ್ದಾಣಕ್ಕೆ ತಂದು, ಮುಂದೆ ದಾರಿಯಿಲ್ಲದ ಕೊನೆಯಲ್ಲಿ ನಿಂತು ಕಾಯುತ್ತಿದ್ದವು. ಪ್ರಯಾಣಿಕರು ಅದನ್ನು ದಾಟಿ ಮುಂದೆ ಹೋಗಿ ತಮ್ಮ ಸೀಟು ಹುಡುಕುತ್ತಿದ್ದರು.

84ರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

85 ಬೇರೆ ದಾರಿ ಹಿಡಿದ ಎಂಜಿನ್. ಡಾನ್‌ಕಾಸ್ಟರಿನಲ್ಲಿ ರೈಲ್ವೆಯೇ ಕಟ್ಟಿಕೊಂಡ 40. ಇಲ್ಲಿ ಪಾದರಸ ಕೈಬಿಟ್ಟು ಜರ್ಮೇನಿಯಂ ಅರೆವಾಹಕ ತಂದರು. ಜರ್ಮೇನಿಯಂ ಸುಖಪುರುಷ, ಕಾವು ಕೊಂಚ ಏರಿದರೂ ಕೆಡುತ್ತದೆ, ಆದ್ದರಿಂದ ಅದಕ್ಕೂ ಮುಂದೆ ಸಿಲಿಕಾನೇ ವಾರಸುದಾರನಾಯಿತು. ಆದರೂ ಅಲುಗಾಡಿದರೆ ತುಳುಕುವ ವಸ್ತು ಒಳಗಿಲ್ಲ ಎಂಬುದೇ ದೊಡ್ಡ ನೆಮ್ಮದಿ. 81ರಷ್ಟೇ 3,200 ಅಶ್ವಶಕ್ತಿ. ಅದೇ ಶ್ಯಾಪ್ ಏರನ್ನು ಹೆಚ್ಚುಕಡಿಮೆ ಅಷ್ಟೇ ಹೊರೆಯೊಂದಿಗೆ 85ರ ಹಿಂದೆ ಹತ್ತಿದಾಗ ನೆತ್ತಿಯಲ್ಲಿ ಹನ್ನೆರಡೂವರೆ ಸೆಕೆಂಡು. ಆ ಅರ್ಧ ಸೆಕೆಂಡು ಎಂಜಿನ್ನಿನದೋ, ಒಣಗಿದ ಹಳಿಯದೋ, ನನ್ನ ಗಡಿಯಾರದ್ದೋ. ಇಳಿಜಾರಿನಲ್ಲಿ ವ್ಯತ್ಯಾಸ ಗೊತ್ತಾಗುತ್ತಿತ್ತು: 85ರಲ್ಲಿ ಮೋಟಾರನ್ನೇ ಜನರೇಟರ್ ಮಾಡಿ ವೇಗ ತಗ್ಗಿಸುವ ಬ್ರೇಕು ಇತ್ತು, ಡಬ್ಬಿಗಳು ಒಂದಕ್ಕೊಂದು ಹಾಯದೆ ಮೆತ್ತಗೆ ನಿಧಾನವಾಗುತ್ತಿದ್ದವು.

ಹೋಲಿಕೆಗೆ ಮುಂದಿನ ತಲೆಮಾರಿನ 86ನ್ನೂ ಸೇರಿಸಿ ನೋಡಿದ್ದೇನೆ. 1965–66ರಲ್ಲಿ ಬಂದದ್ದು, ಹುಟ್ಟಿನಿಂದಲೇ ಸಿಲಿಕಾನ್, ರೆಕ್ಟಿಫೈಯರಿನ ಗೋಳೇ ಇಲ್ಲ. ಆದರೆ ದುಡ್ಡು ಉಳಿಸಲು ಮೋಟಾರನ್ನು ನೇರ ಚಕ್ರದ ಅಚ್ಚಿಗೇ ತೂಗುಹಾಕಿದರು. ಹಳೆಯ ಐದರಲ್ಲಿ ಮೋಟಾರಿನ ಭಾರ ಸ್ಪ್ರಿಂಗಿನ ಮೇಲಿತ್ತು. ಇಲ್ಲಿ ಅದು ಹಳಿಯನ್ನು ನೇರವಾಗಿ ಕುಟ್ಟಿತು, ಆಮೇಲೆ ತಿದ್ದಬೇಕಾಯಿತು. ತಿದ್ದದೆ ಉಳಿದಿದ್ದ ಒಂದು 86ರ ಹಿಂದೆ ಕೂತ ದಿನದ ನನ್ನ ಅಂಕಿಗಳನ್ನು ಇಂದು ನನಗೇ ಓದಲಾಗುವುದಿಲ್ಲ. ಪೆನ್ಸಿಲ್ ಅಷ್ಟು ಕುಣಿದಿದೆ.

ಕೆಲವು ವರ್ಷಗಳ ಹಿಂದೆ ಡರ್ಬಿಶೈರಿನ ಬ್ಯಾರೋ ಹಿಲ್‌ಗೆ ಹೋಗಿದ್ದೆ. 1870ರ ಹಳೆಯ ದುಂಡು ಶೆಡ್ಡು, ನಡುವೆ ಎಂಜಿನ್ ತಿರುಗಿಸುವ ತಿರುಗಣೆ. ಉತ್ಸಾಹಿಗಳ ಗುಂಪೊಂದು 81, 82, 83, 85ರಲ್ಲಿ ಒಂದೊಂದನ್ನು ಉಳಿಸಿ ಅಲ್ಲಿಟ್ಟಿತ್ತು. ನೀಲಿ ಬಣ್ಣ, ಲೋಹದಲ್ಲಿ ಎರಕ ಹೊಯ್ದ ಅಂಕಿಗಳು. ಚಾಲಕನ ಕುರ್ಚಿಯಲ್ಲಿ ಕೂರಲು ಬಿಟ್ಟರು. ಹಿಡಿಕೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ನನ್ನ ಕಣ್ಣು ಹಿಂದಿನ ಯಂತ್ರಕೋಣೆಯ ಮೇಲೆ. ಪಾದರಸ ಇದ್ದ ಜಾಗದಲ್ಲಿ ಸಿಲಿಕಾನ್ ಪೆಟ್ಟಿಗೆ, ಸುತ್ತ ಇನ್ನೊಬ್ಬರು ಮಲಗಬಹುದಾದಷ್ಟು ಖಾಲಿ ಜಾಗ. ಕಾಯುವ ಹಿರಿಯರೊಬ್ಬರಿಗೆ ನಮ್ಮ ಅಣ್ಣನ ಹಸುಗೂಸಿನ ಮಾತು ಹೇಳಿದೆ. ಅವರು ಜೋರಾಗಿ ನಕ್ಕು, ಕರೆದುಕೊಂಡು ಹೋಗಿ ಚಹಾ ಕೊಡಿಸಿದರು.

ರಾತ್ರಿ ಹನ್ನೆರಡಕ್ಕೆ ಕ್ರೂ ನಿಲ್ದಾಣದಲ್ಲಿ, ಬೆಳಗ್ಗೆ ಗ್ಲಾಸ್ಗೋದಲ್ಲಿ ಇರಲೇಬೇಕಾದ ಸ್ಥಿತಿಯಲ್ಲಿ, ಐದರಲ್ಲಿ ಒಂದನ್ನು ಆರಿಸು ಎಂದರೆ ನಾನು 85ರ ಹಿಂದೆ ಹತ್ತುತ್ತೇನೆ. 1991ರವರೆಗೆ ದುಡಿದ 81 ಅದಕ್ಕೆ ಸಮೀಪದ ಎರಡನೆಯದು. ಹೊತ್ತು ಕಳೆಯಲು ಹೊರಟಿದ್ದರೆ 82.

84 ಉಳಿಯಿತು. ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಂಪನಿ ಕಟ್ಟಿದ 10 ಎಂಜಿನ್, 3,100 ಅಶ್ವಶಕ್ತಿ; 1962ರಲ್ಲಿ ಆ ಕಂಪನಿಯೇ ಮುಳುಗಿತು. ಸಿಲಿಕಾನ್ ಇಟ್ಟು ಎಬ್ಬಿಸಿದರೂ ಇವು ಹೆಚ್ಚು ದಿನ ಬಾಳಲಿಲ್ಲ, 1980ರ ಹೊತ್ತಿಗೆ ಎಲ್ಲವೂ ಸಂಚಾರದಿಂದ ಹೊರಗೆ. ಕ್ರೂ ಹತ್ತಿರ ಪಕ್ಕದ ಹಳಿಯಲ್ಲಿ ಒಂದು ನಿಂತದ್ದನ್ನು ಕಿಟಕಿಯಿಂದ ನೋಡಿದ್ದೆ, ಹತ್ತಲು ಎಂದೂ ಸಿಗಲಿಲ್ಲ. ನೋಟ್‌ಬುಕ್ಕಿನಲ್ಲಿ ಅದಕ್ಕೆಂದು ಗೆರೆ ಹಾಕಿಟ್ಟ ಪುಟ ಇಂದಿಗೂ ಖಾಲಿ. ರಾಷ್ಟ್ರೀಯ ಸಂಗ್ರಹಕ್ಕೆ ಸೇರಿದ 84001 ಒಮ್ಮೆ ಒಂದು ಪ್ರದರ್ಶನದಲ್ಲಿ ಎದುರಾಯಿತು. ಯಾರೂ ನೋಡದಿರುವಾಗ, ರೆಕ್ಟಿಫೈಯರ್ ಇದ್ದಿರಬಹುದಾದ ಕಡೆಗೆ ಹೋಗಿ ಮೈಮೇಲೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು.