ಡ್ಯಾಗರ್‌ಹಾರ್ಟ್: ಸಾಯುವ ನಿಯಮವನ್ನು ವಿಮಾ ಏಜೆಂಟ್ ಓದಿದಾಗ

ನಾನು ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ವಿಮಾ ಏಜೆಂಟ್. ಯಾರು ಸತ್ತರೆ ಯಾರಿಗೆ ಎಷ್ಟು ಬರುತ್ತದೆ ಅಂತ ಹೇಳುವುದೇ ನನ್ನ ಹೊಟ್ಟೆಪಾಡು. ಅದಕ್ಕೇ ಇರಬೇಕು, ತಂಗಿಯ ಮಗಳು ಒಂದು ದಪ್ಪ ಕಟ್ಟು ತಂದು ನನ್ನ ಮುಂದೆ ಇಟ್ಟು, “ಮಾಮಾ, ಇದರಾಗ ಸಾಯೋದರ ಬಗ್ಗೆ ಒಂದು ಪುಟ ಐತಿ. ನೀವೇ ಓದಿ ಹೇಳ್ರಿ” ಅಂದಳು.

ಕಟ್ಟಿನ ಹೆಸರು ಡ್ಯಾಗರ್‌ಹಾರ್ಟ್. ಅಮೆರಿಕದ ಡ್ಯಾರಿಂಗ್ಟನ್ ಪ್ರೆಸ್ 2025ರ ಮೇ ತಿಂಗಳಲ್ಲಿ ಹೊರತಂದ ರೋಲ್‌ಪ್ಲೇಯಿಂಗ್ ಆಟ. ಮೇಜಿನ ಸುತ್ತ ಕೂತು ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹಿಡಿಯುತ್ತಾರೆ, ಕಷ್ಟದ ಕೆಲಸ ಬಂದಾಗ ದಾಳ ಉರುಳಿಸುತ್ತಾರೆ. ನಮ್ಮ ಬಯಲಾಟಕ್ಕೆ ದಾಳ ಕೊಟ್ಟ ಹಾಗೆ. ಪೂರ್ತಿ ಪೆಟ್ಟಿಗೆ ಕೊಂಡರೆ ಚಿತ್ರ ತುಂಬಿದ ಪುಸ್ತಕ, ಕಾರ್ಡು ಎಲ್ಲ ಬರುತ್ತವೆ. ನಾವು ಕೊಳ್ಳಲಿಲ್ಲ. ಬರೀ ನಿಯಮಗಳಿರುವ ಪಿಡಿಎಫ್ ಪುಕ್ಕಟೆ ಸಿಗುತ್ತದೆ, ಅದನ್ನು ವಿದ್ಯಾನಗರದ ಝೆರಾಕ್ಸ್ ಅಂಗಡಿಯಲ್ಲಿ ಎರಡೂ ಬದಿ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿದೆವು. ಅಂಗಡಿಯವನು ತಿರುವಿ ನೋಡಿ, “ಯಾವ ಸೆಮಿಸ್ಟರಿಂದು?” ಅಂತ ಕೇಳಿದ.

ಆಡುವವರು ಐದು ಜನ. ಕಥೆ ನಡೆಸುವವಳು ತಂಗಿಯ ಮಗಳು. ಅವಳ ಕಾಲೇಜಿನ ಒಬ್ಬ ಹುಡುಗ, ಒಬ್ಬಳು ಹುಡುಗಿ. ಧಾರವಾಡದ ಸಪ್ತಾಪುರದಿಂದ ಚಿಗರಿ ಬಸ್ಸಿನಲ್ಲಿ ಬರುವ ಒಬ್ಬ ನಿವೃತ್ತ ಗಣಿತ ಮಾಸ್ತರು. ಮತ್ತೆ ನಾನು. ಪ್ರತಿ ಭಾನುವಾರ ಉಣಕಲ್‌ನ ನಮ್ಮ ಮನೆಯ ಮಾಳಿಗೆ ಮೇಲಿನ ಕೋಣೆ. ಮಾಸ್ತರು ಪೇಡೆ ತರುತ್ತಾರೆ, ನಾನು ಗಿರ್ಮಿಟ್, ಮಿರ್ಚಿ. ಎಣ್ಣೆ ಕೈಯಲ್ಲಿ ಹಾಳೆ ಮುಟ್ಟಬಾರದು ಅಂತ ನಿಯಮ ಇದೆ, ಯಾರೂ ಪಾಲಿಸುವುದಿಲ್ಲ.

ಇನ್ನು ಆ ಪುಟ. ಪಾತ್ರ ಎಷ್ಟು ಪೆಟ್ಟು ತಾಳುತ್ತದೆ ಅನ್ನುವ ಲೆಕ್ಕಕ್ಕೆ ಹಿಟ್ ಪಾಯಿಂಟ್ ಅನ್ನುತ್ತಾರೆ. ನಿಮ್ಮ ಪಾತ್ರದ ಕೊನೆಯ ಹಿಟ್ ಪಾಯಿಂಟ್ ಹೋದ ಕೂಡಲೇ ಆಟ ನಿಲ್ಲುತ್ತದೆ. ನಿಮ್ಮ ಮುಂದೆ ಮೂರು ದಾರಿ ಇಡುತ್ತದೆ.

ಮೊದಲನೆಯದು ಬ್ಲೇಝ್ ಆಫ್ ಗ್ಲೋರಿ. ಸಾವನ್ನು ಒಪ್ಪಿಕೊಂಡುಬಿಡುವುದು. ಕೊನೆಯದಾಗಿ ಒಂದೇ ಒಂದು ಕೆಲಸ ಮಾಡಬಹುದು, ಅದು ದಾಳವಿಲ್ಲದೇ ಕ್ರಿಟಿಕಲ್ ಆಗಿ, ಅಂದರೆ ಎಲ್ಲಕ್ಕಿಂತ ದೊಡ್ಡ ಗೆಲುವಾಗಿ, ಗೆಲ್ಲುತ್ತದೆ, ಆಮೇಲೆ ಪಾತ್ರ ಮುಗಿಯಿತು. ಎರಡನೆಯದು ಅವಾಯ್ಡ್ ಡೆತ್. ಸಾಯುವುದಿಲ್ಲ, ಎಚ್ಚರ ತಪ್ಪುತ್ತದೆ, ಸುತ್ತಲಿನ ಪರಿಸ್ಥಿತಿ ಕೆಡುತ್ತದೆ. ಮೂರನೆಯದು ರಿಸ್ಕ್ ಇಟ್ ಆಲ್. ಎರಡು ಹನ್ನೆರಡು ಮುಖದ ದಾಳ ಉರುಳಿಸಬೇಕು, ಒಂದರ ಹೆಸರು ಹೋಪ್ ಅಂದರೆ ಭರವಸೆ, ಇನ್ನೊಂದರದು ಫಿಯರ್ ಅಂದರೆ ಭಯ. ಹೋಪ್ ದಾಳ ದೊಡ್ಡದು ಬಂದರೆ ಎದ್ದು ನಿಲ್ಲುತ್ತೀರಿ, ಫಿಯರ್ ದೊಡ್ಡದು ಬಂದರೆ ಸತ್ತಿರಿ, ಎರಡೂ ಒಂದೇ ಬಂದರೆ ಎಲ್ಲ ಗಾಯ ಮಾಯ.

ಮಾಸ್ತರು ಪೇಡೆ ಡಬ್ಬಿಯ ಮುಚ್ಚಳದ ಮೇಲೆ ಲೆಕ್ಕ ಹಾಕಿದರು. ಒಟ್ಟು 144 ಜೋಡಿ. 66ರಲ್ಲಿ ಹೋಪ್ ದೊಡ್ಡದು, 66ರಲ್ಲಿ ಫಿಯರ್ ದೊಡ್ಡದು, 12 ಸಮ. ಅಂದರೆ ಬದುಕುವುದು 144ಕ್ಕೆ 78, ನೂರಕ್ಕೆ ಸುಮಾರು 54. “ಮದುವಿ ಮಾಡ್ಕೊಳ್ಳೋದಕ್ಕಿಂತ ಚಲೋ ಐತಿ” ಅಂದರು. ಅವರ ಮನೆಯವರು ಈ ವಿಮರ್ಶೆ ಓದುವುದಿಲ್ಲ ಅಂತ ನಂಬಿದ್ದೇನೆ.

ಅಂದಹಾಗೆ, ಹನ್ನೆರಡು ಮುಖದ ದಾಳ ದುರ್ಗದ ಬೈಲಿನ ಆಟಿಕೆ ಅಂಗಡಿಗಳಲ್ಲಿ ನಮಗೆ ಸಿಗಲಿಲ್ಲ. ಆನ್‌ಲೈನಿನಿಂದ ಬರುವ ತನಕ ಎರಡು ಚೀಲದಲ್ಲಿ ಹೌಸಿ ಆಟದ 1ರಿಂದ 12ರ ಬಿಲ್ಲೆ ಹಾಕಿ ಎತ್ತಿದೆವು. ಚೆನ್ನಾಗಿಯೇ ನಡೆಯಿತು.

ನನಗೆ ಹಿಡಿಸಿದ್ದು ಎರಡನೇ ದಾರಿ. ಎಚ್ಚರ ತಪ್ಪಿದ ಮೇಲೆ ಹೋಪ್ ದಾಳ ಒಂದನ್ನೇ ಉರುಳಿಸಬೇಕು. ಬಂದ ಸಂಖ್ಯೆ ನಿಮ್ಮ ಪಾತ್ರದ ಲೆವೆಲ್ಲಿಗೆ, ಅಂದರೆ ಆಡುತ್ತ ಏರುವ ಮಟ್ಟಕ್ಕೆ, ಸಮ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಂದು ಸ್ಕಾರ್, ಅಂದರೆ ಪಾತ್ರದ ಹಾಳೆಯ ಮೇಲೆ ಹೋಪ್ ಅನ್ನುವ ಬಂಡವಾಳ ಗುರುತು ಹಾಕುವ ಆರು ಹೋಪ್ ಮನೆಗಳಲ್ಲಿ ಒಂದನ್ನು ಶಾಶ್ವತವಾಗಿ ಹೊಡೆದುಹಾಕಬೇಕು. ಆರೂ ಹೋದರೆ ಪಾತ್ರದ ಪಯಣ ಮುಗಿಯಿತು. ಲೆವೆಲ್ 1ರಲ್ಲಿ ಸ್ಕಾರ್ ಬೀಳುವುದು ಹನ್ನೆರಡಕ್ಕೆ ಒಂದು ಸಲ. ಲೆವೆಲ್ 10ರಲ್ಲಿ ಹನ್ನೆರಡಕ್ಕೆ ಹತ್ತು ಸಲ. ವಯಸ್ಸಾದಂತೆ ಪ್ರೀಮಿಯಂ ಏರುವುದು ಅಂದರೆ ಇದೇ ಅಲ್ವಾ? ಇಪ್ಪತ್ತೈದರಲ್ಲಿ ಮಾಡಿಸ್ರಿ, ನಲವತ್ತೈದರಲ್ಲಿ ಭಾರ ಆಗುತ್ತದೆ ಅಂತ ಎಷ್ಟು ಮನೆಯಲ್ಲಿ ಚಹಾ ಕುಡಿದು ಹೇಳಿದ್ದೇನೋ. ಇವರು ಒಂದು ದಾಳದಲ್ಲಿ ಹೇಳಿ ಮುಗಿಸಿದ್ದಾರೆ.

ಹುಡುಗ ಮೊದಲು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದವನು. 1974ರಲ್ಲಿ ಬಂದ ಆಟ ಅದು, ಈ ಜಾತಿಯ ಆಟಗಳ ಅಜ್ಜ. ಅದರ ಐದನೇ ಆವೃತ್ತಿಯಲ್ಲಿ ಬಿದ್ದ ಪಾತ್ರ ತನ್ನ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳ ಉರುಳಿಸುತ್ತದೆ. ಹತ್ತು ಅಥವಾ ಜಾಸ್ತಿ ಬಂದರೆ ಒಂದು ಗೆಲುವು, ಕಡಿಮೆ ಬಂದರೆ ಒಂದು ಸೋಲು. ಮೂರು ಗೆದ್ದರೆ ಜೀವ ನಿಂತಿತು, ಮೂರು ಸೋತರೆ ಹೋಯಿತು. ಆ ವಾರ ನಾವು ಹಾಗೂ ಆಡಿ ನೋಡಿದೆವು. ಎದೆ ಡವಡವ ಅನ್ನುತ್ತದೆ, ಸುಳ್ಳಲ್ಲ. ಆದರೆ ಬಿದ್ದವನಿಗೆ ಮಾಡಲು ಏನೂ ಇಲ್ಲ. ಐಸಿಯು ಹೊರಗೆ ಕುರ್ಚಿಯಲ್ಲಿ ಕೂತ ಹಾಗೆ. ಡ್ಯಾಗರ್‌ಹಾರ್ಟ್ ಮಾತ್ರ ಸಾಯುವವನನ್ನೇ ಕೇಳುತ್ತದೆ, ಏನಪ್ಪಾ, ಏನು ಮಾಡೋಣ ಅಂತ.

ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯದಿತ್ತೇನೋ. ಆದರೆ ನಮ್ಮ ಹುಡುಗಿಗೆ ತನ್ನ ಪಾತ್ರಕ್ಕೇ ಅಂತ ಒಂದು ಶಕ್ತಿ ಬೇಕಾಯಿತು, ಸತ್ತಾಗ ಮಾತ್ರ ಚಾಲೂ ಆಗುವಂಥದ್ದು. “ನಾನು ಸತ್ತರೆ ಉಳಿದವರ ಗಾಯ ಎಲ್ಲ ವಾಸಿ ಆಗ್ಬೇಕು.” ಕೇಳಲು ಎಷ್ಟು ಚೆಂದ! ಬರೆದುಕೊಂಡೆವು. ಮುಂದಿನ ಭಾನುವಾರ ಏನಾಯಿತು? ಅವಳು ಮೊದಲ ಜಗಳದಲ್ಲೇ ಹೋಗಿ ರಾಕ್ಷಸನ ಬಾಯಿಗೆ ನಿಂತಳು. ಹುಡುಗ ಅವಳನ್ನು ಕಾಪಾಡಲು ಕೈ ಎತ್ತಲಿಲ್ಲ, ಅವನಿಗೆ ಗಾಯ ಜಾಸ್ತಿ ಆಗಿತ್ತು. ಅವಳು ಬಿದ್ದಾಗ ಯಾರೂ ಅಯ್ಯೋ ಅನ್ನಲಿಲ್ಲ. ಥ್ಯಾಂಕ್ಸ್ ಅಂದರು.

ನಮ್ಮ ದಂಧೆಯಲ್ಲಿ ಇದು ಹಳೇ ರೋಗ. ಬದುಕಿದ್ದಕ್ಕಿಂತ ಸತ್ತರೆ ಲಾಭ ಅನ್ನುವಂತೆ ಪಾಲಿಸಿ ಬರೆದರೆ ತೊಂದರೆ ನೀವೇ ಬರೆದುಕೊಂಡ ಹಾಗೆ. ಅದಕ್ಕೇ ಮೊದಲ 12 ತಿಂಗಳಿಗೆ ಬೇರೆ ಷರತ್ತು ಇರುತ್ತದೆ, ಅದಕ್ಕೇ ಆದಾಯ ನೋಡಿ ವಿಮೆಯ ಮೊತ್ತ ನಿಗದಿ ಮಾಡುತ್ತಾರೆ. ಹಾಗಾಗಿ ನಾನು ಕಟ್ಟಿನ ಹಿಂದಿನ ಖಾಲಿ ಹಾಳೆ ಮೇಲೆ ಮೊದಲ ಷರತ್ತು ಬರೆದೆ: ಶಕ್ತಿ ತೆಗೆದುಕೊಂಡು ಮೂರು ಭಾನುವಾರ ಬದುಕಿರಬೇಕು, ಅಷ್ಟರೊಳಗೆ ಸತ್ತರೆ ಕ್ಲೇಮ್ ಇಲ್ಲ. ಎರಡನೆಯದು: ಒಮ್ಮೆ ಕ್ಲೇಮ್ ಆದರೆ ಪಾಲಿಸಿ ಬಂದ್. ಇದನ್ನು ಬರೆಸಿದ್ದು ಹುಡುಗ. ಅವನ ಹಳೇ ಆಟದಲ್ಲಿ ಸತ್ತು ಒಂದು ನಿಮಿಷದೊಳಗೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಖರ್ಚು ಮಾಡಿದರೆ ಪಾತ್ರ ಎದ್ದು ಕೂಡುತ್ತದಂತೆ. ಹಾಗಿದ್ದರೆ ಸತ್ತಾಗ ಸಿಡಿಯುವ ಶಕ್ತಿ ಇದ್ದವನು ಸಾಯುವುದು, ಸಿಡಿಯುವುದು, ಎಬ್ಬಿಸುವುದು, ಮತ್ತೆ ಸಿಡಿಯುವುದು. ದೀಪಾವಳಿ.

ಸಿಡಿಯುವುದು ಅಂದಾಗ ನೆನಪಾಯಿತು. ಅದೇ ಆಟದಲ್ಲಿ ಬೇಲರ್ ಅನ್ನುವ ಬೆಂಕಿ ರಾಕ್ಷಸ ಇದ್ದಾನೆ, ಸಾಯುವಾಗ ಸಿಡಿದು 30 ಅಡಿಯೊಳಗಿನವರನ್ನೆಲ್ಲ ಸುಡುತ್ತಾನೆ. ರಾಕ್ಷಸನಿಗೆ ಅದು ಸರಿ. ಅವನು ಒಂದೇ ಜಗಳಕ್ಕೆ ಬಂದವನು, ಅವನ ಸಾವು ಎಲ್ಲರೂ ನೋಡುವಂಥದ್ದು. ಆದರೆ ಆಡುವವನ ಪಾತ್ರ ಇಪ್ಪತ್ತು ವಾರ ಬದುಕುತ್ತದೆ. ಸಾಯುವ ತನಕ ಆ ಶಕ್ತಿ ಹಾಳೆಯ ಮೂಲೆಯಲ್ಲಿ ಸುಮ್ನೆ ಬಿದ್ದಿರುತ್ತದೆ. ಟರ್ಮ್ ಪ್ಲ್ಯಾನ್ ಕಥೆಯೇ ಇದು. “ಸಾಯಲಿಲ್ಲ ಅಂದ್ರ ರೊಕ್ಕ ವಾಪಸ್ ಬರಂಗಿಲ್ಲೇನ್ರೀ?” ಅಂತ ಕೇಳದ ಗಿರಾಕಿಯನ್ನು ನಾನು ಕಂಡಿಲ್ಲ. ಆದ್ದರಿಂದ ಮೂರನೇ ಷರತ್ತು, ಬೋನಸ್: ಸಾವಿನ ಶಕ್ತಿ ಇಟ್ಟುಕೊಂಡವರಿಗೆ ಒಂದೇ ಹಿಟ್ ಪಾಯಿಂಟ್ ಉಳಿದಾಗ ಒಂದು ಹೋಪ್ ಸಿಗುತ್ತದೆ. ಚಿಕ್ಕದು. ಆದರೆ ಸಾವಿನ ಅಂಚಿಗೆ ಬಂದಾಗ ಆ ಶಕ್ತಿ ಒಮ್ಮೆ ಕಣ್ಣು ಮಿಟುಕಿಸಿದ ಹಾಗೆ ಆಗುತ್ತದೆ.

ಇಷ್ಟಾದರೂ ಶಕ್ತಿ ಯಾವುದಿರಬೇಕು ಅನ್ನುವುದು ಬಗೆಹರಿಯಲಿಲ್ಲ. ದಾರಿ ತೋರಿಸಿದ್ದು ಮಾಸ್ತರು. ಅವರು ಗದುಗಿನ ಕಡೆಯವರು, ವೀರನಾರಾಯಣನ ಗುಡಿಯಲ್ಲಿ ಭಾರತ ಕೇಳಿ ಬೆಳೆದವರು. “ಇದಕ್ಕ ಅಮೆರಿಕಾ ಯಾಕ ಬೇಕು ತಮ್ಮಾ? ಘಟೋತ್ಕಚ ಏನ್ ಮಾಡಿದ?” ಅಂದರು. ಬೀಳುವಾಗ ಮೈ ದೊಡ್ಡದು ಮಾಡಿಕೊಂಡು ಕೌರವರ ಒಂದು ಅಕ್ಷೌಹಿಣಿ ಸೈನ್ಯದ ಮೇಲೆ ಬಿದ್ದ, ನಮಗೆಲ್ಲ ಗೊತ್ತು. ಹುಡುಗ ತಕ್ಷಣ, ಎಷ್ಟು ಡ್ಯಾಮೇಜು ಅಂತ ಕೇಳಿದ. ಮಾಸ್ತರು ತಲೆ ಅಲ್ಲಾಡಿಸಿದರು. ದೊಡ್ಡ ಪೆಟ್ಟು ಅದಲ್ಲ. ಅರ್ಜುನನಿಗೆ ಅಂತ ಕರ್ಣ ಎತ್ತಿಟ್ಟಿದ್ದ ಶಕ್ತ್ಯಾಯುಧ ಒಂದೇ ಸಲಕ್ಕೆ ಬರುವಂಥದ್ದು, ಅದು ಘಟೋತ್ಕಚನ ಮೇಲೆ ಖರ್ಚಾಗಿ ಹೋಯಿತು. ಮಡಿದವನು ಎದುರಾಳಿಯ ಕೈ ಖಾಲಿ ಮಾಡಿಸಿ ಹೋದ.

ಡ್ಯಾಗರ್‌ಹಾರ್ಟಿನಲ್ಲಿ ಇದಕ್ಕೆ ಜಾಗ ತಯಾರಾಗಿಯೇ ಇದೆ. ಕಥೆ ನಡೆಸುವವರ ಹತ್ತಿರ ಫಿಯರ್ ಅನ್ನುವ ಬಂಡವಾಳ ಇರುತ್ತದೆ, ಹೆಚ್ಚೆಂದರೆ 12. ಅದನ್ನು ಖರ್ಚು ಮಾಡಿ ನಮ್ಮ ಮೇಲೆ ಆಪತ್ತು ತರುತ್ತಾರೆ. ನಮ್ಮಲ್ಲಿ ಅದು ಸ್ಟೀಲ್ ಬಟ್ಟಲಿನಲ್ಲಿ ಹುಣಸೆ ಬೀಜ. ಘಟೋತ್ಕಚ ಶಕ್ತಿ ಅಂದರೆ, ನೀವು ಸತ್ತಾಗ ಬಟ್ಟಲು ಖಾಲಿ. ಮೂರು ವಾರ ಕಾಯ್ದು ಹುಡುಗಿಯ ಎರಡನೇ ಪಾತ್ರ ಬಿದ್ದಾಗ ಬಟ್ಟಲಲ್ಲಿ ಒಂಬತ್ತು ಬೀಜ ಇದ್ದವು. ಅವಳೇ ಎತ್ತಿ ಕಿಟಕಿಯಿಂದ ಹೊರಗೆ ಸುರಿದಳು. ತಂಗಿಯ ಮಗಳ ಮುಖ ನೋಡಬೇಕಿತ್ತು. ಎಲ್ಲರಿಗೂ ಉಸಿರು ಬಂತು, ಯಾರ ಗಾಯವೂ ವಾಸಿ ಆಗಲಿಲ್ಲ. ಇದು ಮೊದಲಿನ ಶಕ್ತಿಗಿಂತ ಹತ್ತು ಪಟ್ಟು ವಾಸಿ.

ಮಾಸ್ತರು ಜಯದ್ರಥನದನ್ನೂ ಹೇಳಿದರು, ತಲೆಯನ್ನು ನೆಲಕ್ಕೆ ಬೀಳಿಸಿದವನ ತಲೆಯೇ ನೂರು ಹೋಳಾಗುವ ವರ. ರಕ್ತಬೀಜನದು ಹುಡುಗನಿಗೆ ಬೇಕಿತ್ತು. ಒಂದು ಹನಿಗೆ ಒಬ್ಬ ಹೊಸ ರಕ್ತಬೀಜ ಅಂದರೆ ಐದು ಜನರ ಸರದಿ ಮುಗಿಯುವಷ್ಟರಲ್ಲಿ ಕೊನೇ ಚಿಗರಿ ಹೋಗಿರುತ್ತದೆ. ಬೇಡ ಅಂದೆವು.

ಪುಸ್ತಕದ ತಪ್ಪನ್ನೂ ಹೇಳಬೇಕು. ಬ್ಲೇಝ್ ಆಫ್ ಗ್ಲೋರಿಯಲ್ಲಿ “ಒಂದು ಕೆಲಸ” ಅಂದರೆ ಎಷ್ಟು ದೊಡ್ಡದು ಅಂತ ಇಲ್ಲ, ಕಥೆ ನಡೆಸುವವರು ಒಪ್ಪಬೇಕು ಅಷ್ಟೇ. ಸೇತುವೆ ಕಡಿಯುವುದು ಒಂದು ಕೆಲಸ. ಸೇತುವೆ ಕಡಿದು ರಾಜನನ್ನೂ ಕೆಳಗೆ ಬೀಳಿಸುವುದು? ಇಪ್ಪತ್ತೈದು ನಿಮಿಷ ಜಗಳ ಆಯಿತು, ಮಿರ್ಚಿ ಆರಿತು. ಪಾಲಿಸಿಯ ಒಂದು ಸಾಲು ಸಡಿಲ ಇದ್ದರೆ ಹೆಣದ ಮುಂದೆಯೇ ವಾದ ಶುರುವಾಗುತ್ತದೆ, ನಾನು ಬಲ್ಲೆ. ನಿಮ್ಮಲ್ಲಿ ಆಡುವುದಾದರೆ ಮೊದಲ ದಿನವೇ ಇದನ್ನು ಮಾತಾಡಿಕೊಳ್ಳಿ. ಇಂಗ್ಲಿಷ್ ಪೂರ್ತಿ ಬಾರದವರಿಗೆ ಕಟ್ಟು ಭಾರವೇ, ಕನ್ನಡದಲ್ಲಿ ಹೇಳಿಕೊಡುವವರು ಒಬ್ಬರು ಬೇಕು. ಇನ್ನು ಪ್ರಿಂಟಿನಲ್ಲಿ ಅಕ್ಷರ ಸಣ್ಣದಾಗಿ ಬಂದದ್ದು ಪುಸ್ತಕದ ತಪ್ಪಲ್ಲ, ನಾನು ಹಣ ಉಳಿಸಲು ಹೋದದ್ದು.

ನನ್ನ ದೊಡ್ಡ ತಕರಾರು ಬೇರೆ. ಈ ಪುಟ ಸಾಯುವವನನ್ನು ಚೆನ್ನಾಗಿ ಕೇಳುತ್ತದೆ, ಉಳಿದವರನ್ನು ಕೇಳುವುದೇ ಇಲ್ಲ. ಕ್ಲೇಮ್ ಫಾರ್ಮಿಗೆ ಸಹಿ ಹಾಕುವವರು ಉಳಿದವರು. ವಿಮಾ ಕಾಯ್ದೆಯ 39ನೇ ಕಲಂ ಪೂರ್ತಿ ನಾಮಿನಿಯ ಬಗ್ಗೆಯೇ ಇದೆ. ಹೊಸ ಗಿರಾಕಿ ಪ್ರೀಮಿಯಂ ಕೇಳಿದಾಗ ಅವಸರದಲ್ಲಿರುತ್ತಾನೆ, ನಾಮಿನಿ ಯಾರು ಅಂದಾಗ ಪೆನ್ನು ಹಿಡಿದು ಒಂದು ನಿಮಿಷ ಸುಮ್ಮನಾಗುತ್ತಾನೆ. ಆ ಒಂದು ನಿಮಿಷ ನನಗೆ ಆಟದಲ್ಲಿ ಬೇಕಿತ್ತು.

ನಾಲ್ಕನೇ ಷರತ್ತು ಬರೆದೆ. ಘಟೋತ್ಕಚ ಬೇಡ ಅನ್ನುವವರು ನಾಮಿನಿ ಶಕ್ತಿ ತೆಗೆದುಕೊಳ್ಳಬಹುದು. ಚೀಟಿಯಲ್ಲಿ ಮೇಜಿನ ಇನ್ನೊಂದು ಪಾತ್ರದ ಹೆಸರು ಬರೆದು ಮಡಚಿ ಡಬ್ಬಿಗೆ ಹಾಕಬೇಕು. ಯಾರಿಗೂ ಹೇಳಬಾರದು. ಸತ್ತ ದಿನ ಚೀಟಿ ತೆರೆಯಬೇಕು. ಅದರಲ್ಲಿರುವವರು ಮುಂದೆ ಯಾವಾಗಾದರೂ ಒಂದೇ ಸಲ, ತಮ್ಮ ಯಾವುದೇ ದಾಳವನ್ನು ಕ್ರಿಟಿಕಲ್ ಅಂತ ಓದಿಕೊಳ್ಳಬಹುದು.

ನನ್ನ ಪಾತ್ರ ಗಾರ್ಡಿಯನ್, ಅಂದರೆ ಕಾವಲಿನವನು, ಲೆವೆಲ್ 2ರಲ್ಲಿ ಬಿದ್ದ. ಊರಿಗೆಲ್ಲ ಪಾಲಿಸಿ ಮಾರುವವನು ರಿಸ್ಕ್ ತಗೋತಾನಾ? ಅವಾಯ್ಡ್ ಡೆತ್ ಅಂದೆ. ದಾಳದಲ್ಲಿ 2 ಬಂತು. ಹೋಪ್ ಮನೆಯೊಂದನ್ನು ಬಾಲ್ ಪೆನ್ನಿನಿಂದ ಹೊಡೆದೆ. ನನ್ನ ಚೀಟಿ ಇನ್ನೂ ಡಬ್ಬಿಯಲ್ಲೇ ಇದೆ.

ಮಾಸ್ತರರ ಪಾತ್ರ, ಮಂತ್ರ ಹಾಕುವ ವಿಝಾರ್ಡ್, ಹೋದದ್ದು ಕಳೆದ ತಿಂಗಳು. ಲಕ್ಕುಂಡಿಯಂಥ ಒಂದು ಹಾಳೂರು, ಮೆಟ್ಟಿಲು ಬಾವಿಯ ತಳದಲ್ಲಿ ಜಗಳ. ಅವರು ರಿಸ್ಕ್ ಇಟ್ ಆಲ್ ಅಂದರು, ನೂರಕ್ಕೆ 54 ಅಂತ ಲೆಕ್ಕ ಹಾಕಿದವರು ಅವರೇ ತಾನೇ. ಹೋಪ್ 5, ಫಿಯರ್ 11. ಪೇಡೆ ಡಬ್ಬಿಯಿಂದ ಅವರ ಚೀಟಿ ತೆಗೆದೆವು. ಹುಡುಗನ ಕಳ್ಳ ಪಾತ್ರದ ಹೆಸರಿತ್ತು. ನಾಲ್ಕು ವಾರದ ಹಿಂದೆ ಆ ಕಳ್ಳ ಇವರ ಮಂತ್ರದ ಪುಸ್ತಕ ಕದ್ದು ಮಾರಿದ್ದ, ಅಂದಿನಿಂದ ಇಬ್ಬರೂ ಪಾತ್ರದಲ್ಲಿ ಮಾತು ಬಿಟ್ಟಿದ್ದರು. ಚೀಟಿ ಬರೆದದ್ದು ಅದಕ್ಕೂ ಮುಂಚೆ ಇರಬೇಕು ಅಂತ ಹುಡುಗ ಅಂದ. ಮಾಸ್ತರು ಚೀಟಿ ತಿರುಗಿಸಿ ತೋರಿಸಿದರು. ಹಿಂದುಗಡೆ ತಾರೀಖು ಹಾಕಿದ್ದರು, ಮೂರು ವಾರದ ಹಿಂದಿನದು, ಕಳವಾದ ಮರುವಾರದ್ದು.

ಆಮೇಲೆ ನಾಲ್ಕು ಭಾನುವಾರ ಆಡಿದ್ದೇವೆ. ಹುಡುಗನ ಪಾತ್ರ ಎರಡು ಸಲ ಸಾಯುವ ಹಂತಕ್ಕೆ ಬಂದಿದೆ. ಅವನು ಆ ಕ್ರಿಟಿಕಲ್ ಇನ್ನೂ ಬಳಸಿಲ್ಲ.