ಒಂದೇ ಕಿಡ್ನಿಯವರಿಗೆ ‘ಫುಲ್ ಬಾಡಿ ಚೆಕಪ್’: ದಾವಣಗೆರೆಯ ಒಂದು ಲ್ಯಾಬಿನ ಅನುಭವ

ಪಿ.ಜೆ. ಬಡಾವಣೆಯ ಒಂದು ಲ್ಯಾಬಿನಲ್ಲಿ ಮೂರು ವರ್ಷಗಳಿಂದ ವಾರ್ಷಿಕ ತಪಾಸಣೆ ಮಾಡಿಸುತ್ತಿದ್ದೇನೆ. ಅವರ 1,899 ರೂಪಾಯಿಯ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜಿನ ಬಗ್ಗೆ ಈ ಬರಹ. ಲ್ಯಾಬಿನ ಹೆಸರನ್ನು ಬರೆಯುತ್ತಿಲ್ಲ; ಇಂಥ ಪ್ಯಾಕೇಜುಗಳು ಊರಿನ ಬೀದಿಬೀದಿಯಲ್ಲೂ ಸಿಗುತ್ತವೆ, ನಾನು ಹೇಳಹೊರಟಿರುವ ಕೊರತೆ ಅವರೊಬ್ಬರದೇ ಎಂದು ನನಗನ್ನಿಸುವುದಿಲ್ಲ. 2013ರಲ್ಲಿ, ನನ್ನ ನಲವತ್ತಾರನೆಯ ವಯಸ್ಸಿನಲ್ಲಿ, ತಮ್ಮನಿಗೆ ನನ್ನ ಎಡಗಡೆಯ ಕಿಡ್ನಿಯನ್ನು ಕೊಟ್ಟೆ. ಆದ್ದರಿಂದ ಈ ವಿಮರ್ಶೆಯನ್ನು ಒಬ್ಬ ದಾನಿಯ ಕಣ್ಣಿನಿಂದ ಓದಬೇಕು.

ಶಸ್ತ್ರಚಿಕಿತ್ಸೆ ನಡೆದದ್ದು ಬೆಂಗಳೂರಿನಲ್ಲಿ. ಮನೆಗೆ ಕಳುಹಿಸುವಾಗ ವೈದ್ಯರು ನನಗೆ ಹೇಳಿದ್ದು ಇಷ್ಟೇ: ಜೀವನಪರ್ಯಂತ ವರ್ಷಕ್ಕೊಮ್ಮೆ ರಕ್ತದೊತ್ತಡ, ತೂಕ, ಕ್ರಿಯಾಟಿನಿನ್ (ಕಿಡ್ನಿ ಸೋಸುವುದು ಕಡಿಮೆಯಾದಂತೆ ರಕ್ತದಲ್ಲಿ ಏರುವ ತ್ಯಾಜ್ಯ) ಮತ್ತು ಮೂತ್ರದಲ್ಲಿ ಹೋಗುವ ಆಲ್ಬುಮಿನ್ ಎಂಬ ಪ್ರೋಟೀನು, ಇವುಗಳನ್ನು ನೋಡಿಸಿಕೊಳ್ಳಿ. ಮೊದಲೆರಡು ವರ್ಷ ತಮ್ಮನ ಜೊತೆಯಲ್ಲೇ ಹೋಗಿ ಬಂದೆ. ಆಮೇಲೆ ತಪ್ಪಿತು. ಮನೆಗೆ ಬಂದವರೆಲ್ಲ ತಮ್ಮನ ಕ್ರಿಯಾಟಿನಿನ್ ಎಷ್ಟಿದೆ ಎಂದು ವಿಚಾರಿಸುತ್ತಿದ್ದರು. ನನ್ನದನ್ನು ಕೇಳುವವರಿರಲಿಲ್ಲ, ನನಗೂ ಅದು ಹೊಳೆಯಲಿಲ್ಲ. ಕಿಡ್ನಿ ಪಡೆದವನು ರೋಗಿ, ಕೊಟ್ಟವಳು ಆರೋಗ್ಯವಂತೆ ಎಂಬ ಲೆಕ್ಕದಲ್ಲಿ ಆರೇಳು ವರ್ಷಗಳು ಕಳೆದುಹೋದ ಮೇಲೆ, ಬೆಂಗಳೂರಿಗೆ ಹೋಗುವ ಬದಲು ಊರಲ್ಲೇ ಮಾಡಿಸೋಣವೆಂದು ಈ ಲ್ಯಾಬಿಗೆ ಹೋದೆ.

ಸೇವೆಯ ಮಟ್ಟಿಗೆ ದೂರುವಂಥದ್ದು ಕಡಿಮೆ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆಯುತ್ತಾರೆ, ಟೋಕನ್ ಪ್ರಕಾರ ಕರೆಯುತ್ತಾರೆ, ನರ ಸಿಗದ ನನ್ನ ಕೈಯಲ್ಲಿ ಒಂದೇ ಚುಚ್ಚಿಗೆ ರಕ್ತ ತೆಗೆಯುವ ಹುಡುಗಿಯೊಬ್ಬಳಿದ್ದಾಳೆ. ಸಂಜೆಯೊಳಗೆ ರಿಪೋರ್ಟು ವಾಟ್ಸಾಪಿಗೆ ಬರುತ್ತದೆ.

ತೊಂದರೆ ಶುರುವಾಗುವುದು ಆ ರಿಪೋರ್ಟಿನಲ್ಲಿಯೇ. ಮೊದಲ ವರ್ಷದ ಹದಿನಾಲ್ಕು ಪುಟಗಳಲ್ಲಿ ಒಂದು ಪುಟದ ನೆತ್ತಿಯ ಮೇಲೆ ಎರಡು ಕಿಡ್ನಿಗಳ ಚಿತ್ರವಿತ್ತು, ಎರಡಕ್ಕೂ ಕಿತ್ತಳೆ ಬಣ್ಣ ಬಳಿದಿತ್ತು. ಕೆಳಗೆ ಕ್ರಿಯಾಟಿನಿನ್ 1.1, ಕಿಡ್ನಿಯ ಸೋಸುವ ಸಾಮರ್ಥ್ಯದ ಅಂದಾಜು 59, ಅದರ ಪಕ್ಕದಲ್ಲಿ ಕೆಂಪು ಬಾಣ, ಮತ್ತು ದೀರ್ಘಕಾಲೀನ ಮೂತ್ರಪಿಂಡ ರೋಗದ ಮೂರನೆಯ ಹಂತವಿರಬಹುದೆಂಬ ಒಂದು ಸಾಲು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ‘ಆರೋಗ್ಯ ಸಲಹೆಗಾರ’ರೆಂದು ಪರಿಚಯಿಸಿಕೊಂಡ ಯುವಕನೊಬ್ಬ ಕರೆ ಮಾಡಿ, ಬೇಳೆ ಬಿಡಿ, ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯಿರಿ, ಮೂರು ತಿಂಗಳ ಆಹಾರ ಯೋಜನೆಗೆ ಸೇರಿಕೊಳ್ಳಿ ಎಂದ. ನನಗೆ ಎಷ್ಟು ಕಿಡ್ನಿಗಳಿವೆ ಎಂದು ಅವನು ಕೇಳಲಿಲ್ಲ. ಅವನ ತಪ್ಪೇನಿದೆ, ಲ್ಯಾಬಿನ ಅರ್ಜಿಯಲ್ಲೇ ಆ ಪ್ರಶ್ನೆಯಿಲ್ಲ.

ನನ್ನ ಹಳೆಯ ಕಾಗದಗಳನ್ನೆಲ್ಲ ಮುಂದಿಟ್ಟುಕೊಂಡು ಓದಿದ ಇಲ್ಲಿನ ಕಿಡ್ನಿ ತಜ್ಞರು (ನೆಫ್ರಾಲಜಿಸ್ಟ್) ವಿವರಿಸಿದ ಮೇಲೆ ಮನಸ್ಸು ತಿಳಿಯಾಯಿತು. ಒಂದು ಕಿಡ್ನಿಯನ್ನು ತೆಗೆದಾಗ ಸೋಸುವ ಸಾಮರ್ಥ್ಯ ಮೊದಲಿಗೆ ಅರ್ಧಕ್ಕಿಳಿಯುತ್ತದೆ. ಆದರೆ ಉಳಿದ ಕಿಡ್ನಿ ತಿಂಗಳುಗಳಲ್ಲಿ ತುಸು ದೊಡ್ಡದಾಗಿ, ಹೆಚ್ಚು ರಕ್ತವನ್ನು ಸೋಸಲು ಕಲಿತು, ಸಾಮಾನ್ಯವಾಗಿ ಹಿಂದಿನ ಸಾಮರ್ಥ್ಯದ ಶೇಕಡಾ 65ರಿಂದ 75ರವರೆಗೆ ತಲುಪುತ್ತದೆ. ದಾನಕ್ಕೆ ಮುಂಚೆ ನನ್ನ ಕ್ರಿಯಾಟಿನಿನ್ 0.8 ಇತ್ತು. ದಾನಿಯ ವಿಷಯದಲ್ಲಿ 60ರ ಆಸುಪಾಸಿನ ಅಂಕಿಯೊಂದರಿಂದಲೇ ರೋಗವೆಂದು ತೀರ್ಮಾನಿಸಲಾಗದು. ಅದು ವರ್ಷದಿಂದ ವರ್ಷಕ್ಕೆ ಜಾರುತ್ತಿದೆಯೇ, ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ, ರಕ್ತದೊತ್ತಡ ಏರುತ್ತಿದೆಯೇ ಎಂಬುದನ್ನು ಸೇರಿಸಿ ನೋಡಬೇಕು.

ವಿಚಿತ್ರವೆಂದರೆ ಆ ಪ್ಯಾಕೇಜಿನ 72 ಪರೀಕ್ಷೆಗಳಲ್ಲಿ ವಿಟಮಿನ್ ಡಿ, ಕಬ್ಬಿಣಾಂಶ, ಮೂರು ಬಗೆಯ ಥೈರಾಯ್ಡ್ ಎಲ್ಲವೂ ಇದ್ದವು, ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಇರಲಿಲ್ಲ. ಸಾಮಾನ್ಯ ಮೂತ್ರಪರೀಕ್ಷೆಯ ಪಟ್ಟಿ ಅದ್ದಿ ನೋಡುವ ವಿಧಾನಕ್ಕೆ ಅತಿ ಸಣ್ಣ ಪ್ರಮಾಣದ ಸೋರಿಕೆ ಸಿಕ್ಕದೆ ಹೋಗಬಹುದು. ರಕ್ತದೊತ್ತಡವನ್ನಂತೂ ಯಾರೂ ನೋಡಲಿಲ್ಲ, ಬಿ.ಪಿ. ಯಂತ್ರ ಮಾತ್ರ ಕೌಂಟರಿನ ಮೇಲೆಯೇ ಕುಳಿತಿತ್ತು. ಎರಡನೆಯ ವರ್ಷದಿಂದ ನಾನು ಪ್ಯಾಕೇಜನ್ನು ಬಿಟ್ಟು ಕ್ರಿಯಾಟಿನಿನ್, ಸಕ್ಕರೆ, ಈ ಅನುಪಾತ ಇಷ್ಟನ್ನೇ ಬಿಡಿಯಾಗಿ ಮಾಡಿಸುತ್ತಿದ್ದೇನೆ. ಖರ್ಚು ಅರ್ಧಕ್ಕಿಂತ ಕಡಿಮೆ. ಈ ಸಲ ಅನುಪಾತ ಗ್ರಾಂಗೆ 12 ಮಿಲಿಗ್ರಾಂ ಬಂದಿದೆ. 30ರ ಒಳಗಿದ್ದರೆ ಸರಿ ಎನ್ನುತ್ತಾರೆ.

ಕಳೆದ ವರ್ಷ ಅಲ್ಲಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು ತಂದೆಗೆ ಕಿಡ್ನಿ ಕೊಡಲು ಸಿದ್ಧಳಾಗುತ್ತಿದ್ದಳು, ಮದುವೆಯಾಗಿ ಒಂದು ವರ್ಷವಾಗಿತ್ತು. “ಅಕ್ಕಾ, ಕೊಟ್ಟ ಮೇಲೆ ಏನೂ ಆಗಲ್ವಾ?” ಎಂದಳು. ಏನೂ ಆಗುವುದಿಲ್ಲ ಎಂದು ಹೇಳಿ ಧೈರ್ಯ ತುಂಬುವುದು ಸುಲಭವಿತ್ತು. 1954ರಲ್ಲಿ ಬೋಸ್ಟನ್ನಿನಲ್ಲಿ ತನ್ನ ಅವಳಿ ಸಹೋದರನಿಗೆ ಕಿಡ್ನಿ ಕೊಟ್ಟ ರೊನಾಲ್ಡ್ ಹೆರಿಕ್ 2010ರವರೆಗೆ ಬದುಕಿದ್ದ ಎಂಬುದೂ ನಿಜ. ಆದರೆ ಅಮೆರಿಕದ 96 ಸಾವಿರಕ್ಕೂ ಹೆಚ್ಚು ದಾನಿಗಳನ್ನು ಗಮನಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹದಿನೈದು ವರ್ಷಗಳಲ್ಲಿ ಕಿಡ್ನಿ ಪೂರ್ತಿ ವಿಫಲವಾಗುವ ಸಂಭವ ದಾನಿಗಳಲ್ಲಿ ಹತ್ತು ಸಾವಿರಕ್ಕೆ ಸುಮಾರು 31, ಅವರಷ್ಟೇ ಆರೋಗ್ಯವಂತರಾಗಿದ್ದೂ ದಾನ ಮಾಡದವರಲ್ಲಿ ಸುಮಾರು 4. ಅಪಾಯ ಚಿಕ್ಕದು, ಆದರೆ ಸೊನ್ನೆಯಲ್ಲ. ಇನ್ನು ಮಕ್ಕಳಾಗಬೇಕಾದವರಿಗೆ ತಿಳಿದಿರಲೇಬೇಕಾದ ಮಾತೊಂದಿದೆ: 2015ರ ಕೆನಡಾದ ಅಧ್ಯಯನವೊಂದರಲ್ಲಿ ಗರ್ಭಿಣಿಯರಾದ ದಾನಿಗಳ ಪೈಕಿ ಶೇಕಡಾ 11ರಷ್ಟು ಬಸಿರುಗಳಲ್ಲಿ ರಕ್ತದೊತ್ತಡದ ತೊಡಕು ಕಂಡುಬಂದಿತ್ತು, ದಾನ ಮಾಡದವರಲ್ಲಿ ಶೇಕಡಾ 5. ಬಹುಪಾಲು ಬಸಿರುಗಳು ಸುಸೂತ್ರವಾಗಿಯೇ ಕಳೆದವು. ಇದನ್ನೆಲ್ಲ ಬಿಡಿಸಿ ಹೇಳಿ, ಕೊಡುವ ಮುಂಚೆ ನಿನ್ನ ವೈದ್ಯರನ್ನು ಇದನ್ನೇ ಕೇಳು ಎಂದೆ. ಟೋಕನ್ ಕೂಗಿದ್ದರಿಂದ ಮಾತು ಅಲ್ಲಿಗೆ ನಿಂತಿತು.

ನನ್ನ ಮಟ್ಟಿಗೆ ದಿನನಿತ್ಯದ ಬದಲಾವಣೆಗಳು ಸಣ್ಣವು. ಕುಂದವಾಡ ಕೆರೆಯ ಏರಿಯ ಮೇಲೆ ನಡಿಗೆ ತಪ್ಪಿಸುವುದಿಲ್ಲ, ಮಂಡಕ್ಕಿಯ ಜೊತೆ ಮಿರ್ಚಿ ತಿಂಗಳಿಗೊಮ್ಮೆಗೆ ಇಳಿದಿದೆ. ಮಂಡಿನೋವಿಗೆಂದು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ಮುಟ್ಟುವುದಿಲ್ಲ, ಏಕೆಂದರೆ ಅವು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಒಮ್ಮೆ ಹಾಗೆ ನುಂಗಿಬಿಟ್ಟಿದ್ದೆ, ಎರಡು ದಿನ. ವೈದ್ಯರಿಂದ ಬೈಗುಳ ತಿಂದೆ.

ಈ ವರ್ಷ ರಕ್ತ ತೆಗೆಯುವ ಆ ಹುಡುಗಿಗೆ ವಿಷಯ ತಿಳಿಸಿದಾಗ ಅವಳು ಅರ್ಜಿಯ ಮೇಲಂಚಿನಲ್ಲಿ ‘ಒಂದೇ ಕಿಡ್ನಿ, ದಾನಿ’ ಎಂದು ನೀಲಿ ಪೆನ್ನಿನಿಂದ ಬರೆದು, ಕೇಳದೆಯೇ ಬಿ.ಪಿ. ಕೂಡ ನೋಡಿದಳು: 124/78. ಸಂಜೆ ಬಂದ ರಿಪೋರ್ಟಿನಲ್ಲಿ ಮಾತ್ರ ಎರಡು ಕಿತ್ತಳೆ ಕಿಡ್ನಿಗಳೂ ಕೆಂಪು ಬಾಣವೂ ಇದ್ದಲ್ಲೇ ಇದ್ದವು. ರಕ್ತ ತೆಗೆಯುವ ಕೈಗೆ ಐದಕ್ಕೆ ಐದು, ಪ್ಯಾಕೇಜಿಗೆ ಐದಕ್ಕೆ ಎರಡು. ಮುಂದಿನ ವರ್ಷವೂ ಅಲ್ಲಿಗೇ ಹೋಗುತ್ತೇನೆ. ಸಲಹೆಗಾರರ ಕರೆಯನ್ನು ಮಾತ್ರ ಎತ್ತುವುದಿಲ್ಲ.